ಸಂಕೋಚನವೂ ಮುದ್ರೆಯೂ: ಗಣಕದ ಕಡತಭಂಡಾರದಲ್ಲಿ ವಿಧಿಯನ್ನು ಗುರುತಿಸುವ ಬಗೆ

ಅಲ್ಪ ಅಕ್ಷರಗಳಲ್ಲಿ ಅಧಿಕವಾದ ಅರ್ಥವನ್ನು ಅಡಗಿಸಿಡುವ ಕಲೆ ನಮ್ಮ ಶಾಸ್ತ್ರಕಾರರಿಗೆ ಪರಮಪ್ರಿಯವಾದುದು. ಛಂದಸ್ಸನ್ನು ಕಲಿಯಹೊರಟ ವಿದ್ಯಾರ್ಥಿಗೆ ಮೊದಮೊದಲಲ್ಲಿಯೇ ಕಂಠಪಾಠವಾಗುವ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನು ನೋಡಿರಿ. ಅಕ್ಷರಗಣಗಳು ಎಂಟು, ಒಂದೊಂದರಲ್ಲಿಯೂ ಮೂರು ಅಕ್ಷರಗಳು. ಬಿಡಿಬಿಡಿಯಾಗಿ ಬರೆಯಹೋದರೆ ಇಪ್ಪತ್ತನಾಲ್ಕು ಅಕ್ಷರಗಳು ಬೇಕಾಗುತ್ತವೆ. ಸೂತ್ರದಲ್ಲಿರುವುದಾದರೋ ಹತ್ತೇ. ‘ಯಮಾತಾ’ ಎಂದರೆ ಯಗಣ. ಒಂದಕ್ಷರ ಮುಂದೆ ಸರಿದು ‘ಮಾತಾರಾ’ ಎಂದರೆ ಮಗಣ. ಇನ್ನೊಂದು ಸರಿದು ‘ತಾರಾಜ’ ಎಂದರೆ ತಗಣ. ಹೀಗೆ ‘ಸಲಗಂ’ ಎಂಬಲ್ಲಿಗೆ ಎಂಟೂ ಮುಗಿಯುತ್ತವೆ. ಒಂದು ಗಣದ ಬಾಲವೇ ಮತ್ತೊಂದರ ತಲೆಯಾಗುವಂತೆ ಜೋಡಿಸಿದ ಆ ಅಜ್ಞಾತ ಪಂಡಿತನ ಬುದ್ಧಿಗೆ ಎಷ್ಟು ಬೆರಗಾದರೂ ಸಾಲದು.

ಆದರೆ ಅಡಗಿಸುವ ಕಲೆಗೆ ಒಂದು ತೊಡಕು ಬೆನ್ನುಹತ್ತಿಯೇ ಬರುತ್ತದೆ. ಬಿಡಿಸುವವನಿಗೆ ಅದು ಯಾವ ವಿಧಿಯಿಂದ ಅಡಗಿಸಲ್ಪಟ್ಟಿದೆ ಎಂಬುದು ತಿಳಿದಿರಬೇಕು. ಪ್ರಾಚೀನರು ಸಂಖ್ಯೆಗಳನ್ನು ಶಬ್ದಗಳಲ್ಲಿ ಹುದುಗಿಸಲು ಎರಡು ಬಗೆಗಳನ್ನು ಬಳಸಿದರು. ಒಂದು ಭೂತಸಂಖ್ಯೆ, ಚಂದ್ರನೆಂದರೆ ೧, ವೇದವೆಂದರೆ ೪, ಗಗನವೆಂದರೆ ಸೊನ್ನೆ. ಇನ್ನೊಂದು ಕಟಪಯಾದಿ, ಕ, ಟ, ಪ, ಯ ಎಂಬ ನಾಲ್ಕು ಅಕ್ಷರಗಳಿಂದ ಒಂದರ ಎಣಿಕೆ ಆರಂಭವಾಗುತ್ತದೆ. ಕರ್ಣಾಟಕ ಸಂಗೀತದ ಮೇಳಕರ್ತ ರಾಗಗಳ ಹೆಸರುಗಳು ಈ ಎರಡನೆಯ ಕ್ರಮವನ್ನು ಇಂದಿಗೂ ಹೊತ್ತುಕೊಂಡಿವೆ. ಮಾಯಾಮಾಳವಗೌಳದಲ್ಲಿ ‘ಮಾ’ ಐದು, ‘ಯಾ’ ಒಂದು. ಬಲದಿಂದ ಎಡಕ್ಕೆ ಓದಿದರೆ ೧೫ನೆಯ ಮೇಳ. ಧೀರಶಂಕರಾಭರಣ ೨೯ನೆಯದು. ಈಗ ‘ನಾಗ’ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಭೂತಸಂಖ್ಯೆಯಲ್ಲಿ ಅದು ೮. ಕಟಪಯಾದಿಯಲ್ಲಿ ‘ನಾ’ ಸೊನ್ನೆ, ‘ಗ’ ಮೂರು, ಆದಕಾರಣ ೩೦. ಶಬ್ದ ಒಂದೇ, ಅಕ್ಷರಗಳು ಅವೇ. ವಿಧಿಯನ್ನು ತಪ್ಪಾಗಿ ಹಿಡಿದವನಿಗೆ ಕಾಲನಿರ್ಣಯವೇ ತಲೆಕೆಳಗಾಗುತ್ತದೆ. ಅದಕ್ಕಿಂತಲೂ ಭಯಂಕರವಾದ ಸಂಗತಿ ಏನೆಂದರೆ, ಎರಡು ಓದಿಗೂ ಒಂದು ಸಂಖ್ಯೆ ದೊರೆತೇ ದೊರೆಯುತ್ತದೆ. ತಪ್ಪು ಓದು ತಪ್ಪೆಂದು ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವುದಿಲ್ಲ.

ಇದೇ ಪ್ರಶ್ನೆ ಇಂದು ಗಣಕಯಂತ್ರದ ಉದರದಲ್ಲಿ ದಿನವೂ ಲಕ್ಷಾವಧಿ ಸಲ ಏಳುತ್ತದೆ, ದಿನವೂ ಪರಿಹಾರವಾಗುತ್ತದೆ. ಕನ್ನಡ ಪಂಡಿತನಾದವನಿಗೆ ಈ ಗೊಡವೆ ಏತಕ್ಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ದಾಖಲಾತಿ ವಹಿಗಳು ಗೆದ್ದಲಿಗೆ ತುತ್ತಾಗತೊಡಗಿದಾಗ ಅವುಗಳ ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ತಟ್ಟೆಗಳಲ್ಲಿ ಇರಿಸಲಾಗಿತ್ತು. ಕೆಲಸವನ್ನು ವಹಿಸಿಕೊಂಡಿದ್ದ ಸಂಸ್ಥೆ ಆಮೇಲೆ ಬಾಗಿಲು ಹಾಕಿತು. ತಮ್ಮ ಜನ್ಮದಿನಾಂಕದ ದಾಖಲೆಯನ್ನು ಅರಸಿಕೊಂಡು ಹಿರಿಯ ವಿದ್ಯಾರ್ಥಿಯೊಬ್ಬರು ಬಂದರು. ಅವರ ನಿವೃತ್ತಿವೇತನದ ಕಾಗದ ಅದೊಂದಕ್ಕಾಗಿ ನಿಂತಿತ್ತು. ಮೂಲ ವಹಿಯಲ್ಲಿ ಆ ಪುಟ ಅರ್ಧ ಪುಡಿಯಾಗಿತ್ತು. ತಟ್ಟೆಯನ್ನು ಹಾಕಿ ನೋಡಿದರೆ ಕಡತಗಳಿಗೆ ಬರಿಯ ಕ್ರಮಸಂಖ್ಯೆಯ ಹೆಸರು. ಹೆಸರಿನ ಕೊನೆಗೆ ಚುಕ್ಕಿಯ ಮುಂದೆ ಸಾಮಾನ್ಯವಾಗಿ ಇರುವ ಬಾಲಪದ ಇಲ್ಲ. ಒಂದು ಕಡತವನ್ನೂ ಯಂತ್ರ ತೆರೆಯಲೊಲ್ಲದು. ನಮ್ಮ ವಿಜ್ಞಾನದ ಮೇಷ್ಟ್ರು ಕಡತದ ಅಕ್ಷರಗಳನ್ನಲ್ಲ, ಅದರ ಬೈಟುಗಳನ್ನೇ ಅಂಕೆಗಳಾಗಿ ತೋರಿಸುವ ಒಂದು ತಂತ್ರಾಂಶವನ್ನು ತೆರೆದರು. ಮೊದಲನೆಯದು ೩೧, ಎರಡನೆಯದು ೧೩೯, ಮೂರನೆಯದು ೮. “ಪಂಡಿತರೇ, ಅಂಕಿತ ಸಿಕ್ಕಿತು” ಎಂದರು. ಮುಂದಿನ ಕಾಲುಗಂಟೆಯಲ್ಲಿ ಆ ಹಿರಿಯರು ತಮ್ಮ ತಂದೆಯವರ ಸಹಿಯಿದ್ದ ಪುಟವನ್ನು ಪರದೆಯ ಮೇಲೆ ನೋಡುತ್ತಿದ್ದರು. ಆ ಮೂರು ಅಂಕೆಗಳ ಮಹಿಮೆ ಏನೆಂದು ಅಂದಿನಿಂದ ವಿಚಾರಿಸುತ್ತ ಬಂದಿದ್ದೇನೆ. ವಿಚಾರಿಸಿ ತಿಳಿದುದನ್ನು ಅಧ್ಯಾಪಕ ಮಿತ್ರರ ಹಾಗೂ ದಾನಿಗಳ ಮುಂದೆ ಇರಿಸುವುದು ಈ ಲೇಖನದ ಉದ್ದೇಶ.

ಮೊದಲು ‘ಕಡತ’ ಎಂಬ ಪದ. ಗಣಕದ ಪರಿಭಾಷೆಗೆ ಕನ್ನಡವನ್ನು ಹುಡುಕಿದವರು ಈ ಪದವನ್ನು ಆರಿಸಿದ್ದು ಬಹಳ ಔಚಿತ್ಯವಾಯಿತು. ಹಿಂದಿನ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಲೆಕ್ಕದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿಯ ಮಠದ ಕಡತಗಳು ಇತಿಹಾಸಜ್ಞರಿಗೆ ಚಿರಪರಿಚಿತ. ಮಾರುಗಟ್ಟಲೆ ಉದ್ದವಾದ ಬಟ್ಟೆ ಮಡಚಿದಾಗ ಕಂಕುಳಲ್ಲಿ ಹಿಡಿಯುವಷ್ಟಾಗುತ್ತಿತ್ತು. ಮಡಚಿಡುವುದು ಕಡತದ ಹುಟ್ಟುಗುಣವೇ ಆಗಿತ್ತೆಂದಾಯಿತು.

ಗಣಕದಲ್ಲಿ ಮಡಚುವ ಅಗತ್ಯ ಕನ್ನಡಿಗರಾದ ನಮಗೆ ಇತರರಿಗಿಂತ ಹೆಚ್ಚು. ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಇರುವುದು ಅಂಕೆ ಮಾತ್ರ. ಯೂನಿಕೋಡ್ ಎಂಬ ಸರ್ವಲಿಪಿಸಂಕೇತದಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಓಣಿ ದೊರೆತಿದೆ. ಆ ಸಂಕೇತವನ್ನು ಕಡತಗಳಲ್ಲಿ ಬರೆದಿಡುವ ಪ್ರಚಲಿತ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು ಬೇಕು. ‘ಕನ್ನಡ’ ಎಂಬ ಪದವನ್ನೇ ಯಂತ್ರ ಹೇಗೆ ಬರೆದುಕೊಳ್ಳುತ್ತದೆಂದು ನೋಡಿರಿ. ಕ, ನ, ಹಲಂತಚಿಹ್ನೆ, ನ, ಡ ಎಂದು ಐದು ಸಂಕೇತಗಳು, ಬೈಟುಗಳು ಹದಿನೈದು. ಅವು ಕ್ರಮವಾಗಿ: ೨೨೪, ೧೭೮, ೧೪೯, ೨೨೪, ೧೭೮, ೧೬೮, ೨೨೪, ೧೭೯, ೧೪೧, ೨೨೪, ೧೭೮, ೧೬೮, ೨೨೪, ೧೭೮, ೧೬೧. ಕಣ್ಣಿದ್ದವರಿಗೆ ಕೂಡಲೇ ಕಾಣುವುದೇನು? ಪ್ರತಿ ಮೂರರಲ್ಲಿ ಮೊದಲನೆಯದು ಯಾವಾಗಲೂ ೨೨೪. ಎರಡನೆಯದು ೧೭೮ ಅಥವಾ ೧೭೯, ಮೂರನೆಯ ಮಾತಿಲ್ಲ. ಹೊಸ ಸಮಾಚಾರವನ್ನು ಹೊರುವುದು ಬಹುಮಟ್ಟಿಗೆ ಮೂರನೆಯ ಬೈಟು ಮಾತ್ರ. ಮನೆಯಲ್ಲಿರುವ ಹತ್ತು ಜನರೂ ಪ್ರತಿಸಲ ಮನೆಯ ಹೆಸರು, ಊರಿನ ಹೆಸರು ಹೇಳಿ ಆಮೇಲೆ ತಮ್ಮ ಹೆಸರು ಹೇಳಿದಂತೆ. ಇಂಥ ಪುನರುಕ್ತಿಯನ್ನು ಹಿಂಡಿ ತೆಗೆದು, ಬೇಕಾದಾಗ ಒಂದು ಬಿಟ್ಟೂ ವ್ಯತ್ಯಾಸವಾಗದಂತೆ ಮರಳಿ ಕೊಡುವುದೇ ಸಂಕೋಚನ.

ಅದರ ಉಪಾಯಗಳು ಮೂಲತಃ ಎರಡು. ಮೊದಲನೆಯದನ್ನು ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರದಲ್ಲಿ ತರಬೇತಿ ಪಡೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಯೇ ಇಲ್ಲ. ಅವರು ಕಲಿತ ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನಲ್ಲಿ ಅತಿ ಹೆಚ್ಚಾಗಿ ಬರುವ ‘ಇ’ ಅಕ್ಷರಕ್ಕೆ ಒಂದೇ ಚುಕ್ಕಿ. ಅಪರೂಪದ ‘ಕ್ಯೂ’ಗೆ ಗೆರೆ, ಗೆರೆ, ಚುಕ್ಕಿ, ಗೆರೆ. ಹೆಚ್ಚು ಬಳಕೆಯದಕ್ಕೆ ಕಿರಿದು, ಕಡಿಮೆ ಬಳಕೆಯದಕ್ಕೆ ಹಿರಿದು. ಆದರೆ ಮೋರ್ಸಿನಲ್ಲಿ ಅಕ್ಷರ ಅಕ್ಷರದ ನಡುವೆ ಕ್ಷಣ ಹೊತ್ತು ನಿಲ್ಲಬೇಕು. ಇಲ್ಲವಾದರೆ ಎರಡು ‘ಇ’ಗಳೋ ಒಂದು ‘ಐ’ಯೋ ತಿಳಿಯದು. ನಿಲುಗಡೆಯಿಲ್ಲದೆಯೇ ಸಂದೇಹಕ್ಕೆ ಎಡೆಗೊಡದ ಅತ್ಯಂತ ಹ್ರಸ್ವವಾದ ಸಂಕೇತವನ್ನು ಕಟ್ಟುವ ಕ್ರಮವನ್ನು ಡೇವಿಡ್ ಹಫ್‌ಮನ್ ಎಂಬವರು ವಿದ್ಯಾರ್ಥಿಯಾಗಿದ್ದಾಗಲೇ ಕಂಡುಹಿಡಿದು ೧೯೫೨ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಬದಲಾಗಿ ಒಂದು ಪ್ರಬಂಧ ಬರೆಯಬಹುದೆಂದು ಗುರುಗಳು ಹೇಳಿದುದರ ಫಲವದು! ಶಿಷ್ಯನಿಂದ ಪರಾಜಯವನ್ನು ಬಯಸುವ ಗುರುವಿನ ಆದರ್ಶ ಅಲ್ಲಿಯೂ ಉಂಟು.

ಎರಡನೆಯ ಉಪಾಯ ನಮ್ಮ ಹಾಡುಗಬ್ಬಗಳ ಲಿಪಿಕಾರರಿಗೆ ಎಂದೋ ಗೊತ್ತಿತ್ತು. ಸ್ವರವಚನವನ್ನೋ ಕೀರ್ತನೆಯನ್ನೋ ಬರೆಯುವಾಗ ಪಲ್ಲವಿಯನ್ನು ಒಮ್ಮೆ ಪೂರ್ತಿಯಾಗಿ ಬರೆದು, ಪ್ರತಿ ನುಡಿಯ ಕೊನೆಗೆ ಬರಿಯ ‘ಪ’ ಎಂದು ಗುರುತು ಹಾಕಿದರೆ ಮುಗಿಯಿತು. ಹಾಡುವವನು ಹಿಂದಕ್ಕೆ ಹೋಗಿ ಅದನ್ನು ಎತ್ತಿಕೊಳ್ಳುತ್ತಾನೆ. ‘ಇಷ್ಟು ಹಿಂದೆ ಹೋಗು, ಇಷ್ಟು ಉದ್ದವನ್ನು ಎತ್ತಿಕೋ’ ಎಂಬ ಈ ನಿರ್ದೇಶವನ್ನೇ ಶಾಸ್ತ್ರವಾಗಿ ಕಟ್ಟಿದವರು ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್. ೧೯೭೭ ಮತ್ತು ೧೯೭೮ರ ಎರಡು ಲೇಖನಗಳಲ್ಲಿ. ಇಂದು ಬಳಕೆಯಲ್ಲಿರುವ ಸಂಕೋಚನವಿಧಿಗಳಲ್ಲಿ ಬಹುಪಾಲು ಈ ಎರಡು ಉಪಾಯಗಳ ಮಿಶ್ರಣಗಳು. ‘ಡಿಫ್ಲೇಟ್’ ಎರಡನ್ನೂ ಸೇರಿಸಿಕೊಂಡದ್ದು. ೨೦೧೧ರಲ್ಲಿ ಬಂದ ‘ಎಲ್‌ಝಡ್‌೪’ ಎರಡನೆಯದನ್ನು ಮಾತ್ರ ಇಟ್ಟುಕೊಂಡು ವೇಗಕ್ಕೆ ಮನಸ್ಸು ಕೊಟ್ಟದ್ದು. ‘ಎಕ್ಸ್‌ಝಡ್’ ನಿಧಾನ, ಆದರೆ ಹಿಂಡುವುದರಲ್ಲಿ ಬಲಶಾಲಿ. ೨೦೧೬ರಲ್ಲಿ ಪೂರ್ಣರೂಪಕ್ಕೆ ಬಂದ ‘ಝಡ್‌ಸ್ಟ್ಯಾಂಡರ್ಡ್’ ವೇಗವನ್ನೂ ಬಿಗಿಯನ್ನೂ ಸರಿದೂಗಿಸುವಂಥದು. ಎಲ್‌ಝಡ್‌೪ ಮತ್ತು ಝಡ್‌ಸ್ಟ್ಯಾಂಡರ್ಡ್ ಎರಡರ ಕರ್ತೃವೂ ಯಾನ್ ಕೊಲೆ ಎಂಬ ಒಬ್ಬರೇ.

ವಿಧಿಗಳು ಹಲವಾದ ಮೇಲೆ ಗುರುತು ಬೇಕೇ ಬೇಕು. ದಾವಣಗೆರೆ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲವನ್ನು ಕಂಡ ಹಿರಿಯರು ನಮ್ಮ ದಾನಿಗಳಲ್ಲಿ ಇದ್ದಾರೆ. ಕೋಣೆ ತುಂಬುವ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ, ಪಟ್ಟಿ ಬಿಗಿದು, ೧೭೦ ಕಿಲೋಗ್ರಾಮಿನ ಒಂದು ಬೇಲು ಮಾಡುವುದನ್ನು ಅವರು ಬಲ್ಲರು. ಬೇಲಿನ ಮೇಲೆ ಪ್ರೆಸ್ಸಿನ ಮುದ್ರೆಯನ್ನೂ ಕ್ರಮಸಂಖ್ಯೆಯನ್ನೂ ಹಾಕಲೇಬೇಕೆಂದು ೧೯೨೫ರ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ಒತ್ತಿದ ಮೇಲೆ ಬೇಲುಗಳೆಲ್ಲ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಯಾವ ಪ್ರೆಸ್ಸಿನದು ಎಂಬುದಕ್ಕೆ ಮುದ್ರೆಯಲ್ಲದೆ ಬೇರೆ ಸಾಕ್ಷಿಯಿಲ್ಲ. ಸಂಕೋಚಗೊಂಡ ಕಡತಗಳ ಪಾಡೂ ಅದೇ. ಪುನರುಕ್ತಿಯೆಲ್ಲ ಹೋದ ಮೇಲೆ ಉಳಿದ ಅಂಕೆಗಳಲ್ಲಿ ಯಾವ ಚಹರೆಯೂ ಕಾಣದು. ಕವಡೆ ಎಸೆದು ಬರೆದ ಅಂಕೆಗಳಂತೆ ತೋರುತ್ತವೆ. ಆದಕಾರಣ ಕಟ್ಟುವವನೇ ತಲೆಯಲ್ಲಿ ಒಂದು ಮುದ್ರೆಯನ್ನು ಒತ್ತುವ ಸಂಪ್ರದಾಯ ಬೆಳೆಯಿತು.

ವಚನಸಾಹಿತ್ಯದ ಅಭ್ಯಾಸವುಳ್ಳವರಿಗೆ ಇದನ್ನು ತಿಳಿಯಲು ಶ್ರಮವಿಲ್ಲ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು, ‘ಗುಹೇಶ್ವರ’ ಎಂದರೆ ಅಲ್ಲಮಪ್ರಭು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ. ತಾಳೆಗರಿಯ ಕಟ್ಟಿನಲ್ಲಿ ಎಷ್ಟೋ ಶರಣರ ವಚನಗಳು ಬೆರೆತು ಕಲೆತು ಇದ್ದರೂ ಸಂಪಾದಕರು ಅವನ್ನು ವಿಂಗಡಿಸಲು ಸಾಧ್ಯವಾದದ್ದು ಅಂಕಿತದ ಬಲದಿಂದ. ಭೇದವಿಷ್ಟೆ: ವಚನದ ಅಂಕಿತ ಕೊನೆಯಲ್ಲಿ ಬರುತ್ತದೆ, ಕಡತದ ಅಂಕಿತ ಮೊದಲಲ್ಲಿ. ಅದು ಕರ್ತೃವನ್ನು ತಿಳಿಸುತ್ತದೆ, ಇದು ಬಿಡಿಸುವ ವಿಧಿಯನ್ನು. ಆದರೂ ಒಂದು ಕಡತದ ಅಂಕಿತದಲ್ಲಿ ಕರ್ತೃವಿನ ಹೆಸರೇ ಸೇರಿಕೊಂಡಿರುವುದು ವಿನೋದದ ಸಂಗತಿ. ‘ಜಿಪ್’ ಎಂದು ಎಲ್ಲರೂ ಬಲ್ಲ ಗಂಟಿನ ಮೊದಲ ಎರಡು ಬೈಟುಗಳು ೮೦ ಮತ್ತು ೭೫; ಅಕ್ಷರವಾಗಿ ಓದಿದರೆ ‘ಪಿ’, ‘ಕೆ’. ೧೯೮೯ರಲ್ಲಿ ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು! ಅವರು ೨೦೦೦ದಲ್ಲಿ ತೀರಿಕೊಂಡರು, ಅಂಕಿತ ಉಳಿದಿದೆ. ಅಧ್ಯಾಪಕರು ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಿ ಉಳಿಸುವ ಇಂದಿನ ‘ಡಾಕ್ಸ್’ ಕಡತವೂ, ವಿದ್ಯುನ್ಮಾನ ಪುಸ್ತಕಗಳ ‘ಇಪಬ್’ ಕಡತವೂ ಒಳಗಿನಿಂದ ಇದೇ ಗಂಟು; ಅವುಗಳ ತಲೆಯಲ್ಲಿಯೂ ‘ಪಿಕೆ’ ಎಂದೇ ಇರುತ್ತದೆ. ಈ ಗಂಟಿನ ಒಳಗೂ ಒಂದು ಗುರುತಿನ ಅಂಕೆಯಿದೆ. ಮೊದಲ ಎಂಟು ಬೈಟು ದಾಟಿದರೆ ಬರುವ ಅಂಕೆ ಸೊನ್ನೆಯಾದರೆ ಒತ್ತದೆ ಹಾಗೆಯೇ ಇಟ್ಟದ್ದು, ೮ ಆದರೆ ಡಿಫ್ಲೇಟ್ ವಿಧಿಯಿಂದ ಒತ್ತಿದ್ದು.

ನಮ್ಮ ದಾಖಲಾತಿ ವಹಿಯ ತಟ್ಟೆಯಲ್ಲಿ ಕಂಡ ೩೧, ೧೩೯ ಎಂಬುವು ‘ಜಿಜಿಪ್’ ಎಂಬುದರ ಮುದ್ರೆ. ಮುಂದಿನ ೮ ಎಂಬುದು ಅಲ್ಲಿಯೂ ಡಿಫ್ಲೇಟ್ ಎಂದೇ ಸೂಚಿಸುತ್ತದೆ. ಝಡ್‌ಸ್ಟ್ಯಾಂಡರ್ಡಿನ ಮುದ್ರೆ ೪೦, ೧೮೧, ೪೭, ೨೫೩. ಎಕ್ಸ್‌ಝಡ್‌ನ ಮುದ್ರೆ ೨೫೩ರಿಂದ ಮೊದಲಾಗುವ ಆರು ಬೈಟುಗಳು. ಹೆಸರಿನ ಬಾಲಪದವನ್ನು ಯಾರು ಬೇಕಾದರೂ ಅಳಿಸಬಹುದು, ಬದಲಿಸಬಹುದು; ಅದು ಹೊರಗಿನ ಚೀಟಿ. ಒಳಗಿನ ಮುದ್ರೆ ಕಡತದ ಶರೀರದಲ್ಲಿಯೇ ಇರುವುದರಿಂದ ಅದನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು.

ಇಲ್ಲಿಯವರೆಗೆ ಬಿಡಿ ಕಡತದ ಮಾತಾಯಿತು. ಈಗ ಕಡತಗಳೆಲ್ಲ ವಾಸಿಸುವ ಉಗ್ರಾಣದ ಮಾತು. ತಟ್ಟೆಯ ಮೇಲೆ ಯಾವ ಕಡತ ಎಲ್ಲಿದೆ, ಎಷ್ಟು ತುಂಡುಗಳಾಗಿದೆ ಎಂಬ ಲೆಕ್ಕವನ್ನಿಡುವ ಏರ್ಪಾಡಿಗೆ ಕಡತವ್ಯವಸ್ಥೆ ಎಂದು ಹೆಸರು. ಕೆಲವು ಕಡತವ್ಯವಸ್ಥೆಗಳು ಬಳಸುವವನ ಅರಿವಿಗೆ ಬಾರದಂತೆ ತಾವೇ ಒತ್ತುತ್ತವೆ, ತಾವೇ ಬಿಡಿಸುತ್ತವೆ. ಅವುಗಳನ್ನು ಕಟ್ಟಿದವರ ದೂರದೃಷ್ಟಿ ಮೆಚ್ಚತಕ್ಕದ್ದು. ಒಂದೇ ವಿಧಿಗೆ ಗಂಟುಬೀಳದೆ, ಒಂದು ಮೇಣಿಗೆ ಬೇರೆ ಬೇರೆ ಕುಳಗಳನ್ನು ತೊಡಿಸಿದಂತೆ, ಬೇಕಾದ ವಿಧಿಯನ್ನು ತೊಡಿಸಿ ತೆಗೆಯುವ ಅವಕಾಶವನ್ನು ಇಟ್ಟುಕೊಂಡರು. ನಾಳೆ ಇನ್ನೂ ಉತ್ತಮವಾದ ವಿಧಿ ಹುಟ್ಟಿದರೆ ಉಗ್ರಾಣವನ್ನು ಕೆಡವಿ ಕಟ್ಟಬೇಕಾಗಿಲ್ಲ. ಆದರೆ ಈ ಸೌಕರ್ಯಕ್ಕೆ ಒಂದು ನಿಬಂಧನೆಯುಂಟು: ಯಾವ ತುಂಡನ್ನು ಯಾವ ವಿಧಿಯಿಂದ ಒತ್ತಿದೆ ಎಂಬುದನ್ನು ಬರೆದಿಡಬೇಕು.

ಎಲ್ಲಿ ಬರೆದಿಡುವುದು ಎಂಬುದರಲ್ಲಿ ಎರಡು ಪಕ್ಷಗಳಿವೆ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯಲ್ಲಿ ೨೦೦೯ರಿಂದ ಸೇರಿಕೊಂಡಿರುವ ‘ಸ್ಕ್ವಾಷ್‌ಎಫ್‌ಎಸ್’ ಎಂಬುದರದು ಮೊದಲನೆಯ ಪಕ್ಷ. ಇದು ಒಮ್ಮೆ ಕಟ್ಟಿದರೆ ಬದಲಾಗದ ಗಂಟು; ತಟ್ಟೆಯಿಂದಲೇ ನೇರವಾಗಿ ನಡೆಸಬಹುದಾದ ಲಿನಕ್ಸ್ ಪ್ರತಿಗಳಲ್ಲಿ ಇದರ ಬಳಕೆ ಹೆಚ್ಚು. ಇದರ ಮೊದಲ ನಾಲ್ಕು ಅಕ್ಷರಗಳು ‘ಎಚ್’, ‘ಎಸ್’, ‘ಕ್ಯೂ’, ‘ಎಸ್’. ಇಪ್ಪತ್ತು ಬೈಟುಗಳನ್ನು ದಾಟಿದ ಮೇಲೆ ವಿಧಿಯ ಸಂಖ್ಯೆ ಇಡೀ ಉಗ್ರಾಣಕ್ಕೆ ಒಂದೇ ಸಲ ಬರೆದಿರುತ್ತದೆ: ೧ ಎಂದರೆ ಡಿಫ್ಲೇಟ್, ೩ ಎಂದರೆ ಎಲ್‌ಝಡ್‌ಓ, ೪ ಎಂದರೆ ಎಕ್ಸ್‌ಝಡ್, ೫ ಎಂದರೆ ಎಲ್‌ಝಡ್‌೪, ೬ ಎಂದರೆ ಝಡ್‌ಸ್ಟ್ಯಾಂಡರ್ಡ್. ಶಿಲಾಶಾಸನದ ತಲೆಯ ಮೇಲೆ ಸೂರ್ಯಚಂದ್ರರನ್ನೂ ಲಿಂಗವನ್ನೂ ಹಸುಕರುವನ್ನೂ ಕೆತ್ತಿದ್ದನ್ನು ದೂರದಿಂದ ಕಂಡ ಮಾತ್ರಕ್ಕೆ ಇದು ದಾನಶಾಸನವಿರಬೇಕೆಂದು ಊಹಿಸಿ ಹತ್ತಿರ ಹೋಗುವಂತೆ, ಇಲ್ಲಿ ತಲೆಯೊಂದನ್ನು ಓದಿದರೆ ಇಡೀ ಗಂಟಿನ ವಿಷಯ ತಿಳಿಯಿತು.

‘ಬಿಟಿಆರ್‌ಎಫ್‌ಎಸ್’ ಮತ್ತು ‘ಝಡ್‌ಎಫ್‌ಎಸ್’ ಎಂಬುವು ಎರಡನೆಯ ಪಕ್ಷದವು. ಇವು ದಿನವೂ ಬರೆದು ಅಳಿಸುವ ಉಗ್ರಾಣಗಳಾದ್ದರಿಂದ ತುಂಡು ತುಂಡಿಗೂ ಪ್ರತ್ಯೇಕವಾಗಿ ವಿಧಿಯ ಸಂಖ್ಯೆಯನ್ನು ಬರೆಯುತ್ತವೆ. ಅದರ ಪರಿಣಾಮವೇನೆಂದರೆ, ಇಂದು ಒಂದು ವಿಧಿಯನ್ನು ಆರಿಸಿಕೊಂಡು ನಾಳೆ ಮತ್ತೊಂದಕ್ಕೆ ಬದಲಿಸಿದರೂ ಹಳೆಯ ತುಂಡುಗಳು ಹಳೆಯ ವಿಧಿಯಲ್ಲಿಯೇ ಇರುತ್ತವೆ. ಹೊಸದಾಗಿ ಬರೆದವು ಮಾತ್ರ ಹೊಸ ವಿಧಿಯಲ್ಲಿ. ಒಂದೇ ಕಡತದ ಮೊದಲರ್ಧ ಒಂದು ವಿಧಿ, ಉಳಿದರ್ಧ ಇನ್ನೊಂದು ವಿಧಿ ಆಗಿರಲೂಬಹುದು. ಆದಕಾರಣ ‘ಈ ಉಗ್ರಾಣದಲ್ಲಿ ಯಾವ ವಿಧಿ?’ ಎಂದು ಕೇಳಿದರೆ, ಈಗ ಆಯ್ಕೆಮಾಡಿರುವ ವಿಧಿಯ ಹೆಸರನ್ನು ಹೇಳುವುದು ಪೂರ್ಣವಾದ ಉತ್ತರವಲ್ಲ. ಅದು ಇನ್ನು ಮುಂದೆ ಬರೆಯುವುದರ ಮಾತು. ಹಿಂದೆ ಬರೆದುದರ ಮಾತನ್ನು ತುಂಡುಗಳ ದಾಖಲೆಯನ್ನೇ ಕೇಳಬೇಕು. ಕಾರ್ಯದರ್ಶಿಗಳು ಬದಲಾದರೆಂದು ಹಳೆಯ ನಡವಳಿ ಪುಸ್ತಕದ ಸಹಿಗಳು ಬದಲಾಗುವುದಿಲ್ಲವಷ್ಟೆ.

ಸಂಖ್ಯೆಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಅವಶ್ಯ. ಸ್ಕ್ವಾಷ್‌ಎಫ್‌ಎಸ್‌ನಲ್ಲಿ ೩ ಎಂದರೆ ಎಲ್‌ಝಡ್‌ಓ ಎಂದು ಹೇಳಿದೆನಷ್ಟೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಎಲ್‌ಝಡ್‌ಓಗೆ ೨, ಝಡ್‌ಸ್ಟ್ಯಾಂಡರ್ಡಿಗೆ ೩. ಝಡ್‌ಎಫ್‌ಎಸ್‌ನಲ್ಲಿ ಅದೇ ಝಡ್‌ಸ್ಟ್ಯಾಂಡರ್ಡಿಗೆ ೧೬. ಹೀಗಿರಲಾಗಿ ‘ಮೂರು’ ಎಂಬ ಅಂಕೆಗೆ ಸ್ವತಂತ್ರವಾದ ಅರ್ಥವೇ ಇಲ್ಲ; ಯಾವ ವ್ಯವಸ್ಥೆಯ ಮೂರು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡೇ ಮುಂದುವರಿಯಬೇಕು. ವ್ಯಾಕರಣವನ್ನು ಓದಿದವರಿಗೆ ಇದು ‘ಅಣ್’ ಪ್ರತ್ಯಾಹಾರದ ಪ್ರಸಂಗವನ್ನು ನೆನಪಿಗೆ ತರುತ್ತದೆ. ಪಾಣಿನಿ ವರ್ಣಸಮೂಹಗಳನ್ನು ಎರಡಕ್ಷರದ ಗಂಟಾಗಿ ಕಟ್ಟುವುದಕ್ಕೆ ಹದಿನಾಲ್ಕು ಮಾಹೇಶ್ವರಸೂತ್ರಗಳ ಕೊನೆಯ ಹಲಂತ್ಯಗಳನ್ನು ಗುರುತಾಗಿ ಬಳಸಿದನು. ‘ಅಚ್’ ಎಂದರೆ ಸ್ವರಗಳೆಲ್ಲ, ‘ಹಲ್’ ಎಂದರೆ ವ್ಯಂಜನಗಳೆಲ್ಲ. ಇಷ್ಟು ಮಿತವ್ಯಯಿಯಾದ ಆ ಮಹರ್ಷಿ ‘ಣ್’ ಎಂಬ ಗುರುತನ್ನು ಮಾತ್ರ ಮೊದಲನೆಯ ಸೂತ್ರದ ಕೊನೆಗೂ ಆರನೆಯ ಸೂತ್ರದ ಕೊನೆಗೂ ಎರಡು ಸಲ ಇರಿಸಿದನು. ಹಾಗಾಗಿ ‘ಅಣ್’ ಎಂದರೆ ಅ, ಇ, ಉ ಎಂಬ ಮೂರೇ ಸ್ವರಗಳೋ, ಅಥವಾ ಎಲ್ಲ ಸ್ವರಗಳೊಡನೆ ಹ, ಯ, ವ, ರ, ಲಗಳೂ ಸೇರಿದವೋ ಎಂಬ ಸಂದೇಹ ಉಂಟಾಯಿತು. ಸವರ್ಣಗ್ರಹಣವನ್ನು ಹೇಳುವ ಒಂದು ಸೂತ್ರದಲ್ಲಿ ಮಾತ್ರ ಹಿಂದಿನದಲ್ಲ, ಮುಂದಿನ ಣಕಾರ. ಉಳಿದೆಡೆ ಮೊದಲಿನದು ಎಂದು ವ್ಯಾಖ್ಯಾನಪರಂಪರೆ ನಿರ್ಣಯಿಸಿತು. ಗುರುವಿನ ಬಳಿ ಕುಳಿತು ಪಾಠ ಹೇಳಿಸಿಕೊಂಡವನಿಗೆ ಇದು ತೊಡಕಲ್ಲ. ಪರಂಪರೆ ಕಡಿದುಹೋಗಿ, ಸೂತ್ರಪಾಠವೊಂದೇ ಕೈಗೆ ಬಂದವನ ಗತಿಯೇನು? ಗಣಕಕ್ಕೆ ವ್ಯಾಖ್ಯಾನಪರಂಪರೆಯೆಂದರೆ ಆಯಾ ವ್ಯವಸ್ಥೆಯನ್ನು ಕಟ್ಟಿದವರು ಪ್ರಕಟಿಸಿದ ಸ್ವರೂಪಪತ್ರ. ಅದು ಬಹಿರಂಗವಾಗಿ ದೊರೆಯುವ ವಿಧಿಗಳನ್ನು ಮಾತ್ರ ದಾಖಲೆಗಳಿಗೆ ಬಳಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಕಂಪೆನಿಯ ಕಪಾಟಿನಲ್ಲಿ ಬೀಗ ಹಾಕಿಟ್ಟ ವಿಧಿ ಎಷ್ಟೇ ಬಿಗಿಯಾಗಿ ಹಿಂಡಿದರೂ ನಮಗೆ ಬೇಡ.

ಸಂಖ್ಯೆ ತಿಳಿದರೂ ವಿಧಿ ಕೈಯಲ್ಲಿಲ್ಲದಿರುವ ಸಂದರ್ಭವೂ ಉಂಟು. ತೊಡಿಸಿ ತೆಗೆಯುವ ಕುಳವೆಂದ ಮೇಲೆ ಕೆಲವರ ಮನೆಯಲ್ಲಿ ಅದು ಇರಲಿಕ್ಕಿಲ್ಲ. ಬಿಟಿಆರ್‌ಎಫ್‌ಎಸ್‌ಗೆ ಝಡ್‌ಸ್ಟ್ಯಾಂಡರ್ಡ್ ಸೇರಿದ್ದು ೨೦೧೭ರಲ್ಲಿ. ಅದಕ್ಕೂ ಹಿಂದಿನ ಲಿನಕ್ಸ್ ಇರುವ ಯಂತ್ರಕ್ಕೆ ಅಂಥ ತಟ್ಟೆಯನ್ನು ಜೋಡಿಸಿದರೆ ಏನಾಗಬೇಕು? ಉಗ್ರಾಣದ ತಲೆಯಲ್ಲಿಯೇ ‘ಇಲ್ಲಿ ಈ ಹೊಸ ವಿಧಿ ಬಳಕೆಯಾಗಿದೆ, ಅರಿಯದವನು ಒಳಗೆ ಬರಬೇಡ’ ಎಂಬರ್ಥದ ಒಂದು ಗುರುತನ್ನು ಇರಿಸಿರುತ್ತಾರೆ. ಹಳೆಯ ಯಂತ್ರ ಅದನ್ನು ಕಂಡು ಬಾಗಿಲಲ್ಲಿಯೇ ನಿಲ್ಲುತ್ತದೆ. ತಪ್ಪಾಗಿ ಓದುವುದಕ್ಕಿಂತ ಓದದಿರುವುದು ಮೇಲೆಂಬ ಈ ವಿವೇಕ, ಶಾಸನದ ಸವೆದ ಅಕ್ಷರಕ್ಕೆ ತೋಚಿದ ಪಾಠ ಕೂಡಿಸುವ ನಮ್ಮ ಕೆಲವು ಸಂಶೋಧಕರಿಗೂ ಬಂದಿದ್ದರೆ ಚೆನ್ನಾಗಿತ್ತು.

ಅಂಕಿತವೇ ಇಲ್ಲದವುಗಳ ಪಾಡು ಕಷ್ಟ. ಎಕ್ಸ್‌ಝಡ್‌ಗೆ ಮೊದಲು ಬಳಕೆಯಲ್ಲಿದ್ದ ‘ಎಲ್‌ಝಡ್‌ಎಂಎ’ ಎಂಬ ಹಳೆಯ ಕಡತಸ್ವರೂಪಕ್ಕೆ ನಿಶ್ಚಿತವಾದ ಮುದ್ರೆಯಿಲ್ಲ. ಡಿಫ್ಲೇಟ್ ವಿಧಿಯಿಂದ ಒತ್ತಿದ ತಿರುಳನ್ನು ಜಿಜಿಪ್ ಅಥವಾ ಜಿಪ್‌ನ ಹೊದಿಕೆಯಿಂದ ಹೊರತೆಗೆದರೆ ಅದಕ್ಕೂ ಇಲ್ಲ. ಆಗ ಉಳಿಯುವುದು ಪರೀಕ್ಷೆ: ಒಂದೊಂದು ವಿಧಿಯಿಂದಲೂ ಬಿಡಿಸಿ ನೋಡುವುದು. ಸಾಮಾನ್ಯವಾಗಿ ತಪ್ಪು ವಿಧಿ ನಡುವೆ ಎಲ್ಲಿಯೋ ಅಸಂಗತಕ್ಕೆ ಸಿಕ್ಕಿ ನಿಂತುಬಿಡುತ್ತದೆ. ಜಿಜಿಪ್‌ನಂಥ ಗಂಟುಗಳ ಕೊನೆಯಲ್ಲಿ ಮೂಲದ ಒಂದು ತಾಳೆಸಂಖ್ಯೆಯನ್ನೂ ಉದ್ದವನ್ನೂ ಬರೆದಿರುತ್ತಾರೆ. ಬಿಡಿಸಿದ್ದು ಅದಕ್ಕೆ ತಾಳೆಯಾದರೆ ಓದು ಸರಿಯೆಂದು ಭರವಸೆ. ‘ನಾಗ’ ಶಬ್ದಕ್ಕೆ ಇಲ್ಲದ ಭಾಗ್ಯ ಇದು. ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರು, ತಿಥಿ, ವಾರಗಳನ್ನು ಕೊಡುತ್ತಿದ್ದುದರಿಂದ ವಿದ್ವಾಂಸರು ವರ್ಷವನ್ನು ತಾಳೆನೋಡಲು ಸಾಧ್ಯವಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಹರಿಹರದ ಹರಿಹರೇಶ್ವರ ದೇವಾಲಯದ ಪ್ರಾಕಾರದಲ್ಲಿ ನಿಂತಿರುವ ಕಲ್ಲುಗಳ ಮುಂದೆ ವಿದ್ಯಾರ್ಥಿಗಳನ್ನು ಕರೆದೊಯ್ದು ನಿಲ್ಲಿಸುವ ಅಧ್ಯಾಪಕರು ಈ ಎರಡನ್ನೂ ಒಟ್ಟಿಗೆ ಹೇಳಿಕೊಟ್ಟರೆ ಮಕ್ಕಳಿಗೆ ಎರಡೂ ನಾಟುತ್ತವೆ.

ಕೊನೆಯದಾಗಿ ತಾಳೆಗರಿಗಳ ವಿಚಾರ. ನಾಡಿನ ಅನೇಕ ಮಠಗಳಲ್ಲಿಯೂ ಮನೆಗಳಲ್ಲಿಯೂ ಇರುವ ಓಲೆಯ ಕಟ್ಟುಗಳನ್ನು ಚಿತ್ರರೂಪದಲ್ಲಿ ಉಳಿಸುವ ಕಾರ್ಯಕ್ಕೆ ನೆರವಾಗಲು ನಮ್ಮ ದಾನಿಗಳು ಆಗಾಗ ಉತ್ಸಾಹ ತೋರಿಸಿದ್ದಾರೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ‘ಟಿಫ್’ ಎಂಬ ಚಿತ್ರಸ್ವರೂಪ. ಅದೂ ಹಲವು ಕುಳಗಳನ್ನು ತೊಡಿಸಬಹುದಾದ ಮೇಣಿಯೇ. ಅದರ ಆರಂಭ ‘ಐಐ’ ಅಥವಾ ‘ಎಂಎಂ’ ಎಂಬ ಜೋಡಿ ಅಕ್ಷರ, ಅದರ ಬೆನ್ನಿಗೆ ೪೨ ಎಂಬ ಸಂಖ್ಯೆ. ಒಳಗಿನ ವಿವರಗಳಲ್ಲಿ ೨೫೯ನೆಯ ಅಂಕಣ ಸಂಕೋಚನವಿಧಿಯದು: ೧ ಎಂದರೆ ಒತ್ತಿಲ್ಲ, ೫ ಎಂದರೆ ಲೆಂಪೆಲ್, ಜಿವ್, ವೆಲ್ಚ್ ಎಂಬ ಮೂವರ ಹೆಸರಿನ ವಿಧಿ, ೭ ಎಂದರೆ ಜೆಪೆಗ್. ಮೊದಲ ಎರಡರಿಂದ ಓಲೆಯ ಚಿತ್ರ ಕಣ್ಣಿಗೆ ಕಾಣುವುದೂ ಕಾಣದ್ದೂ ಇದ್ದಂತೆಯೇ ಮರಳುತ್ತದೆ. ಜೆಪೆಗ್ ಸಾಮಾನ್ಯವಾಗಿ ಹಾಗಲ್ಲ; ಕಣ್ಣಿಗೆ ಅಷ್ಟಾಗಿ ಬೇಡವೆಂದು ತಾನು ಬಗೆದುದನ್ನು ಬಿಟ್ಟುಬಿಡುತ್ತದೆ. ದಾವಣಗೆರೆಯ ಮಂಡಕ್ಕಿಯನ್ನು ಮರಳಿ ಅಕ್ಕಿ ಮಾಡಲು ಬಾರದಂತೆ, ಬಿಟ್ಟದ್ದು ಬಿಟ್ಟಿತು. ಮದುವೆಯ ಫೋಟೋಗೆ ಅದರಿಂದ ಕೊರತೆಯಿಲ್ಲ. ಮಸಿ ಮಾಸಿದ ಓಲೆಯಲ್ಲಿ ದೀರ್ಘದ ಒಂದು ಸಣ್ಣ ಗೀರೇ ಪಾಠವನ್ನು ನಿರ್ಣಯಿಸುವಾಗ, ‘ನಾಗ’ವೋ ‘ನಗ’ವೋ, ಎಂಟೋ ಏಳೋ ಎಂಬುದು ಆ ಗೀರಿನ ಮೇಲೆಯೇ ನಿಂತಿರುವಾಗ, ಅದು ಸಲ್ಲದು.

ಆದಕಾರಣ ಮುಂದೆ ಇಂಥ ಕೆಲಸಕ್ಕೆ ಹಣ ಕೊಡುವ ಮಹನೀಯರು ಕರಾರುಪತ್ರದಲ್ಲಿ ೨೫೯ನೆಯ ಅಂಕಣ ೧ ಅಥವಾ ೫ ಇರತಕ್ಕದ್ದೆಂದು ಬರೆಯಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಡತಗಳ ಹೆಸರಿನ ಬಾಲಪದವನ್ನು ತೆಗೆಯಕೂಡದು. ಯಾವ ವ್ಯವಸ್ಥೆಯ ತಟ್ಟೆ, ಯಾವ ವಿಧಿ, ಯಾವ ವರ್ಷದ ತಂತ್ರಾಂಶ ಎಂಬ ಮೂರು ಸಾಲುಗಳನ್ನು ಕಾಗದದ ಮೇಲೆ, ಮಸಿಯಲ್ಲಿ, ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಒಳಗಿಡಬೇಕು. ನಮ್ಮ ದಾಖಲಾತಿ ವಹಿಗಳ ತಟ್ಟೆಗಳಿಗೆ ವಿಜ್ಞಾನದ ಮೇಷ್ಟ್ರು ಹಾಗೆ ಬರೆದ ಚೀಟಿಯನ್ನು ಅಂಟಿಸಿದ್ದಾರೆ. ಒಂದು ಪ್ರತಿ ಕಚೇರಿಯ ಬೀರುವಿನಲ್ಲಿದೆ, ಇನ್ನೊಂದನ್ನು ಮಠದ ಗ್ರಂಥಭಂಡಾರದಲ್ಲಿ ಇರಿಸಲಾಗಿದೆ. ದಾಖಲೆ ಬೇಕಾದ ಹಿರಿಯ ವಿದ್ಯಾರ್ಥಿಗಳು ತಾವು ಶಾಲೆಗೆ ಸೇರಿದ ವರ್ಷವನ್ನು ತಿಳಿಸಿ ಕಚೇರಿಯಲ್ಲಿ ವಿಚಾರಿಸಬಹುದು.